ಪೇಂಟರ್ ಭಾಯಿಗೆ ಬೇಕಿದ್ದ ಗುಳಿಗಿ

ಮೊನ್ನೆ ಮುಂಡರಗಿ ಬಸ್ ನಿಲ್ದಾಣದ ಎದುರು ಅಂಗಡಿಯೊಂದರ ಶಟರ್‌ಗೆ ಬಣ್ಣ ಹೊಡೆಯುತ್ತಿದ್ದರು. ಥಿನ್ನರ್ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸ್ಸು ಬಿಟ್ಟು ಅಲ್ಲೇ ಕೂತುಬಿಟ್ಟೆ. ಪೇಂಟರ್ ಭಾಯಿಯ ಅಂಗಿ, ಕೂದಲು, ಹಾಸಿಗೆ ಎಲ್ಲವೂ ಹೀಗೇ ನಾರುತ್ತಿದ್ದವು…

ಆಗ ನಾನು ಬೆಟಗೇರಿಯಲ್ಲಿ ಅಣ್ಣನ ಜೊತೆ ಮಗ್ಗದ ಕೆಲಸಕ್ಕಿದ್ದೆ. ಭಾಯಿ ಬಿಹಾರದವನು, ಮುಂಬೈಯಲ್ಲಿ ಕೆಲವು ವರ್ಷ ಇದ್ದು, ನಾಗಾವಿ ಕಡೆಯ ಹೊಸ ಕಟ್ಟಡಗಳಿಗೆ ಬಣ್ಣ ಬಳಿಯಲು ಬಂದಿದ್ದ. ನಮ್ಮ ಪಕ್ಕದ ಖೋಲಿಯಲ್ಲೇ ಇದ್ದ. ನಮ್ಮಿಬ್ಬರಿಗೂ ಗಂಡಸರೇ ಬೇಕು ಎನ್ನುವುದು ಪರಸ್ಪರ ಗೊತ್ತಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕಾಂಡೋಮ್ ಇಲ್ಲದೆ ಅವನು ನನ್ನನ್ನು ಹತ್ತಿರ ಬಿಟ್ಟುಕೊಂಡವನಲ್ಲ. ಮುಂಬೈಯಲ್ಲಿ ಅದನ್ನು ಆಸ್ಪತ್ರೆಯಲ್ಲಿ ಕೇಳಿ ಪಡೆಯುತ್ತಿದ್ದನಂತೆ. ಇಲ್ಲಿ ಯಾರನ್ನು, ಯಾವ ಮಾತಿನಲ್ಲಿ ಕೇಳಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ, ನಾನೇ ತಂದುಕೊಡುತ್ತಿದ್ದೆ.

ಒಂದು ಸಂಜೆ ಕೆಲಸದಿಂದ ಬರುತ್ತಿದ್ದವನನ್ನು ಮೂವರು ಅಡ್ಡಗಟ್ಟಿದರು. ಅರ್ಧ ಕಟ್ಟಿದ ಮನೆಯೊಳಗೆ ಎಳೆದೊಯ್ದು, ಇಟ್ಟಿಗೆಯಿಂದ ಬಾಯಿಗೆ ಹೊಡೆದು, ಒಬ್ಬರಾದ ಮೇಲೊಬ್ಬರು ಬಲಾತ್ಕಾರ ಮಾಡಿದರು. ಖೋಲಿಗೆ ಬಂದಾಗ ಅವನ ಮುಂದಿನ ಹಲ್ಲುಗಳಿರಲಿಲ್ಲ. ನಾನು ಅತ್ತೆ. ಅವನು ಅಳಲಿಲ್ಲ.

"ಎಚ್‌ಐವಿ ಬರಬಾರದು. ಗುಳಿಗಿ ಐತಿ. ಮೂರು ದಿನದಾಗ ಸುರು ಮಾಡಬೇಕು. ನೀ ಬಾ, ನೀ ಹೇಳು," ಎಂದ, ತನಗೆ ಬರುತ್ತಿದ್ದಷ್ಟು ಕನ್ನಡದಲ್ಲಿ.

ಮರುದಿನ ಮುಂಜಾನೆ ಆಸ್ಪತ್ರೆಗೆ ಹೋದೆವು. ಸಾಲಿನಲ್ಲಿ ನಮ್ಮ ಓಣಿಯವರೂ ಇದ್ದರು.

"ಏನಾಗೇತ್ರಿ ಇವರಿಗೆ?" ನರ್ಸ್ ಕೇಳಿದರು.

"ಬಿದ್ದಾರ್ರಿ," ಎಂದೆ.

ಭಾಯಿಗೆ ಅಷ್ಟು ಅರ್ಥವಾಯಿತು. ನನ್ನ ಮುಂಗೈ ಹಿಡಿದು ತಲೆ ಅಲ್ಲಾಡಿಸಿದ.

"ಇಲ್ರಿ, ಬಿದ್ದಿಲ್ಲ. ಮೂರು ಮಂದಿ ಗಂಡಸರು ಇವರ ಮ್ಯಾಲೆ ಬಲಾತ್ಕಾರ ಮಾಡ್ಯಾರ. ಎಚ್‌ಐವಿ ತಡಿಯೋ ಗುಳಿಗಿ ಬೇಕಾಗೇತ್ರಿ," ಎಂದೆ.

ಸಾಲಿನಲ್ಲಿ ಯಾರೋ ನಕ್ಕರು. ನರ್ಸ್ ನಗಲಿಲ್ಲ. "ಒಳಗ ಬರ್ರಿ, ಕುಂಡ್ರಿ," ಎಂದು ಬಾಗಿಲು ಹಾಕಿಕೊಂಡರು. ಮಧ್ಯಾಹ್ನದೊಳಗೆ ಭಾಯಿ ಮೊದಲ ಗುಳಿಗೆ ನುಂಗಿದ. ತಿಂಗಳು ಪೂರ್ತಿ ತಪ್ಪಿಸಬಾರದು, ಆಮೇಲೆ ಪರೀಕ್ಷೆ ಮಾಡಿಸಬೇಕು ಎಂದು ಡಾಕ್ಟರ್ ಹೇಳಿದ್ದನ್ನು ನನ್ನ ಹರಕು ಹಿಂದಿಯಲ್ಲಿ ಅವನಿಗೆ ತಿಳಿಸಿದೆ.

ನಮಗಿಂತ ಮೊದಲು ಸುದ್ದಿ ಓಣಿ ಮುಟ್ಟಿತ್ತು.

"ಅವನ ಜೋಡಿ ನಿಂದೇನಲೇ?" ಎನ್ನುತ್ತ ಅಣ್ಣ ನನ್ನನ್ನು ಮಗ್ಗದ ಪಕ್ಕ ಕೆಡವಿ ಕಟ್ಟಿಗೆಯಿಂದ ಬಡಿಯತೊಡಗಿದ. ತಲೆ ಒಡೆದು ರಕ್ತ ಕಣ್ಣಿಗಿಳಿಯಿತು. ಜನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರನ್ನು ದೂಡಿಕೊಂಡು ಭಾಯಿ ಒಳಬಂದ. ನೆಟ್ಟಗೆ ನಿಲ್ಲಲೂ ಆಗದಿದ್ದವನು ಕಟ್ಟಿಗೆ ಕಸಿದು ಅಣ್ಣನ ತೋಳಿಗೇ ಹೊಡೆದ. ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು.

ಜನ ಭಾಯಿಯ ಮೇಲೆ ಬಿದ್ದರು. ಹೇಗೋ ಬಿಡಿಸಿಕೊಂಡು ಓಡಿದವನು, ನಾನು ಹುಡುಕುತ್ತ ಹೋದಾಗ ರೈಲು ನಿಲ್ದಾಣದಲ್ಲಿ ಸಿಕ್ಕ. ಗುಳಿಗೆಗಳು ಖೋಲಿಯಲ್ಲೇ ಉಳಿದಿದ್ದವು, ನಾನು ತಂದುಕೊಟ್ಟೆ.

"ಮುಂಬೈಗೆ ಬಾ," ಎಂದ.

"ಮೊದಲ ನೀ ಗುಳಿಗಿ ತಪ್ಪಸಬ್ಯಾಡ," ಎಂದೆ.

ಊರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು. ನಾನು ಹೋಗಲಿಲ್ಲ. ಕೆಲವು ದಿನ ಅವನ ಫೋನ್ ಬರುತ್ತಿತ್ತು. ಗುಳಿಗಿ ತಗೊಂಡಿ? ಎಂದರೆ ತಗೊಂಡೆ ಎನ್ನುತ್ತಿದ್ದ. ಆಮೇಲೆ ಆ ನಂಬರ್ ಹತ್ತಲಿಲ್ಲ… ತಿಂಗಳು ಮುಗಿಸಿದನೋ, ಪರೀಕ್ಷೆಯಲ್ಲಿ ಏನು ಬಂತೋ.

ಅಣ್ಣನ ಕೈ ಸೊಟ್ಟಗೇ ಕೂಡಿಕೊಂಡಿದೆ. ನಮ್ಮ ನಡುವೆ ಮಾತಿಲ್ಲ. ನನ್ನ ಕೂದಲು ಬೆಳ್ಳಗಾಗಿದೆ. ಭಾಯಿಯದೂ ಆಗಿರಬೇಕು. ಅವನು ಎಲ್ಲೋ ಬದುಕಿದ್ದಾನೆಂದೇ ಇಷ್ಟು ವರ್ಷ ಅಂದುಕೊಂಡು ಬಂದಿದ್ದೆ. ಮೊನ್ನೆ ಆ ವಾಸನೆಯಲ್ಲಿ ಕೂತಾಗ ಮೊದಲ ಸಲ, ಅವನು ಇಲ್ಲವೇನೋ ಅನಿಸಿತು.