ಸಾಹೇಬರಿಗೆ ತಿಳಿಯದ ಭಾಷೆ

ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಧನಕವಡಿಯ ನನ್ನ ಮನೆಯಿಂದ ಸ್ಕೂಟರಿನಲ್ಲಿ ಮನೆಮನೆಗೆ ಹೋಗುತ್ತೇನೆ. ಹಾಗೆ ಹೋದ ಮನೆಗಳಲ್ಲಿ ಸೇನೆಯವರಿರುವ ಕ್ಯಾಂಪಿನ ಬಂಗಲೆಯೂ ಒಂದು. ಅಲ್ಲಿನ ಸಾಹೇಬರು ಸೇನೆಯ ಬೇಹುಗಾರಿಕೆಯ ಮುಖ್ಯಸ್ಥರಾಗಿದ್ದವರು. ಮಂತ್ರಿಗಳೂ ಅವರೆದುರು ಅಳೆದು ತೂಗಿ ಮಾತಾಡುತ್ತಿದ್ದರಂತೆ. ಈಗ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು. ಕಣ್ಣು ಮಾತ್ರ ನನ್ನನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿತು.

ಅವರ ಮನೆಮಾತು ಹಿಂದಿ. ಹೆಂಡತಿ ಬೆಳಗಾವಿ ಕಡೆಯ ಹಳ್ಳಿಯವರು. ನಾನು ಧಾರವಾಡದವಳೆಂದು ತಿಳಿದದ್ದೇ ಆಕೆ ನನ್ನ ಕೈ ಹಿಡಿದುಕೊಂಡರು.

"ಕನ್ನಡ ಮಾತಾಡವಾ. ಈ ಮನ್ಯಾಗ ಅದಕ್ಕ ಬಂದಿ ಇತ್ತು."

ತನಗೆ ತಿಳಿಯದ ಭಾಷೆ ಮನೆಯಲ್ಲಿ ಕೂಡದೆಂಬುದು ಸಾಹೇಬರ ಹುಕುಂ. ಹೆಂಡತಿ ಫೋನಿನಲ್ಲಿದ್ದರೆ ಪಕ್ಕದಲ್ಲೇ ನಿಲ್ಲುತ್ತಿದ್ದರು.

"ಅವ್ವ ಸಾಯೂ ಮುಂದ ಅಣ್ಣ ಫೋನ್ ಹಚ್ಚಿ ಕೊಟ್ಟ. ಇವರು ಹಿಂದಿಯೊಳಗ ಮಾತಾಡು ಅಂದ್ರು. ಮಾತಾಡಿದೆ. ಅವ್ವಗ ತಿಳೀಲಿಲ್ಲ. 'ಯಾರವಾ ನೀ, ನನ್ನ ಮಗಳಿಗೆ ಕೊಡು' ಅಂದ್ಳು. ಇವರು ಫೋನ್ ಇಟ್ಟುಬಿಟ್ರು."

ಗಂಡನ ಜೊಲ್ಲು ಒರೆಸುತ್ತಲೇ ಆಕೆ ಇದನ್ನು ಹೇಳಿದರು. ಸಾಹೇಬರು ಇಬ್ಬರ ಮುಖವನ್ನೂ ನೋಡಿ, ಸರಿಯಿದ್ದ ಎಡಗೈಯಿಂದ ಮಂಚ ಬಡಿದರು.

ಅಂದಿನಿಂದ ಆಕೆ ಅವರೊಡನೆ ಕನ್ನಡವನ್ನಷ್ಟೇ ಆಡಿದರು. ಗಂಜಿ ಉಣ್ಣಿಸುತ್ತ, ಕೂಸನ್ನು ರಮಿಸುವ ದನಿಯಲ್ಲಿ, "ನುಂಗ್ರಿ, ಹೆಣಾನೂ ನಿಮ್ಮಕಿಂತ ಚಂದ ಇರ್ತದ" ಎನ್ನುತ್ತಿದ್ದರು. ಸಾಹೇಬರು ಅರ್ಥಕ್ಕಾಗಿ ನನ್ನ ಮುಖ ನೋಡುತ್ತಿದ್ದರು.

ನಾನು ಪಾಠ ಬಿಡಲಿಲ್ಲ. ಒಂದು ಬೆಳಿಗ್ಗೆ ಸಾಹೇಬರು ಕುತ್ತಿಗೆಯ ನರ ಉಬ್ಬಿಸಿ, ಹೆಂಡತಿಯ ಕಡೆ ಬೆರಳು ತೋರಿಸಿ, ಕೊನೆಗೂ ಎರಡು ಮಾತು ಹೊರಡಿಸಿದರು: "ಕ್ಯಾ... ಬೋಲೀ?"

ಏನಂದಳು ಎಂದು ಕೇಳಿದ್ದರು. ನನಗೆ ಹಿಗ್ಗು. ಆಕೆ ಚಮಚ ಕೆಳಗಿಟ್ಟರು.

"ನಾಳಿಂದ ಬರಬ್ಯಾಡವಾ."

"ಈಗ ಬಿಟ್ರ ಬಂದದ್ದೂ ಹೋಗ್ತದರಿ, ಕಾಕೂ."

"ಹೋಗ್ಲಿ."

ಮುಂಬಯಿಯಲ್ಲಿದ್ದ ಅವರ ಮಗಳಿಗೆ ಫೋನ್ ಮಾಡಿದೆ. ಅವಳಿಗೆ ಕನ್ನಡ ಬಾರದು. ಎಲ್ಲ ಕೇಳಿ, ಅಮ್ಮ ಈಗ ಸರಿಯಾಗಿ ಉಣ್ಣುತ್ತಾಳೆಯೇ ಎಂದು ಹಿಂದಿಯಲ್ಲಿ ವಿಚಾರಿಸಿದಳು. ಹೌದೆಂದೆ. ಹಾಗಾದರೆ ಅಮ್ಮ ಹೇಳಿದಂತೆ ಮಾಡಿ ಎಂದಳು.

ಮಳೆಗಾಲ ಕಳೆದ ಮೇಲೆ ಇಬ್ಬರೂ ಆಸ್ಪತ್ರೆಯಲ್ಲಿ ಸಿಕ್ಕರು. ಆಕೆ ಗಾಲಿಕುರ್ಚಿಯತ್ತ ಬಾಗಿ, "ನೀವು ಸತ್ರ ನಾ ಅಳಾಂಗಿಲ್ಲ" ಎನ್ನುತ್ತಿದ್ದರು. ಸಾಹೇಬರು ಅರ್ಥಕ್ಕಾಗಿ ಯಾರ ಮುಖವನ್ನೂ ನೋಡದೆ ಮೆಲ್ಲಗೆ ತಲೆಯಾಡಿಸಿದರು. ನಾನು ನಮಸ್ಕಾರ ಹೇಳಿದೆ. ಅದಕ್ಕೂ ತಲೆಯಾಡಿಸಿದರು.