ಸೀಮೆಸುಣ್ಣದ ಇಪ್ಪತ್ತೆಂಟು

ಕಳೆದ ವಾರ ಮಗಳ ಕಾರಿಗೆ ಹೊಸ ಟೈರ್ ಹಾಕಿಸಲು ಬೈಲಹೊಂಗಲದ ಟೈರ್ ಅಂಗಡಿಗೆ ಹೋಗಿದ್ದೆವು. ಅವಳು ದಿನಾಲೂ ಕಿತ್ತೂರಿನ ದವಾಖಾನೆಗೆ ಕೆಲಸಕ್ಕೆ ಹೋಗಿಬರುತ್ತಾಳೆ. ಇವು ಬೇಸಿಗೆಗೆಂದೇ ಮಾಡಿದ ಟೈರು, ಎಷ್ಟು ಜೋರು ಓಡಿಸಿದರೂ ರಸ್ತೆ ಬಿಡುವುದಿಲ್ಲ ಎಂದು ಅಂಗಡಿಯವನು ಅವಳ ಮುಂದೆ ವರ್ಣಿಸುತ್ತಿದ್ದ. ನಾನು ಅತ್ತ ಕಿವಿಗೊಡದೆ, ಅವಳ ಕಾರಿನಿಂದ ಬಿಚ್ಚಿ ಬಿಸಾಕಿದ ಹಳೆಯ ಟೈರೊಂದರ ಒಳಗೆ ಕೈ ಹಾಕಿದೆ. ಮುದಿ ಡ್ರೈವರನ ಚಟ. ಕೈ ಹೊರಗೆ ತೆಗೆದಾಗ ಬೆರಳ ತುದಿಗೆಲ್ಲ ಕಾಡಿಗೆಯಂಥ ನಯವಾದ ಕಪ್ಪು ಪುಡಿ. ಮೂಗಿಗೆ ಹಿಡಿದೆ. ಸುಟ್ಟ ರಬ್ಬರಿನ ವಾಸನೆಯಲ್ಲ... ಸುಡುವುದಕ್ಕೆ ಮೊದಲು ಒಳಗೊಳಗೇ ಬೆಂದ ವಾಸನೆ. ಅದು ನನ್ನ ಮೂಗಿಗೆ ಬಡಿದದ್ದು ಜೀವನದಲ್ಲಿ ಒಮ್ಮೆ ಮಾತ್ರ, ಸುಮಾರು ಐವತ್ತು ವರ್ಷದ ಹಿಂದೆ, ಬೇರೊಬ್ಬರ ಬೆರಳುಗಳಿಂದ.

ಅವರನ್ನು ನಾವು ಡ್ರೈವರುಗಳೆಲ್ಲ ಟೈರಿನ ಕಾಕಾ ಎನ್ನುತ್ತಿದ್ದೆವು. ಎಪ್ಪತ್ತರ ದಶಕ. ಟ್ಯಾಕ್ಸಿ ನಿಲ್ಲುವ ಜಾಗದ ಹಿಂದೆ ಅವರದೊಂದು ತಗಡಿನ ಅಂಗಡಿ. ಒಳಗೆ ಬುದ್ಧನ ಒಂದು ಪಟ, ಪಂಕ್ಚರ್ ಹುಡುಕಲು ನೀರು ತುಂಬಿಟ್ಟ ಅರ್ಧ ಪೀಪಾಯಿ, ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಕೊಡ. ನಮ್ಮದು ಪೌರೋಹಿತ್ಯದ ಮನೆತನ. ಮಂತ್ರ ಹೇಳಬೇಕಾದ ಮಗ ಹಾರ್ನ್ ಹೊಡೆಯುತ್ತ ಊರೂರು ತಿರುಗುತ್ತಾನೆ ಎಂದು ಅಪ್ಪ ನನ್ನ ಮೇಲೆ ಮುನಿಸಿಕೊಂಡಿದ್ದರು. ನಾನಾದರೋ ಮಹಾ ಸುಧಾರಕನೆಂಬ ಠೀವಿಯಲ್ಲಿದ್ದೆ. ಕಾಕಾ ಅವರ ಹೆಗಲ ಮೇಲೆ ಕೈ ಹಾಕಿ ಹರಟೆ ಹೊಡೆಯುತ್ತಿದ್ದೆ. ಅವರ ಪೀಪಾಯಿಯ ನೀರಿನಲ್ಲಿ ನನ್ನ ಟ್ಯೂಬು ಎಷ್ಟು ಸಲ ಮುಳುಗಿತ್ತೋ ಲೆಕ್ಕವಿಲ್ಲ. ಆದರೆ ಆ ಕೊಡದ ನೀರನ್ನು ಒಂದು ದಿನವೂ ಕುಡಿದಿರಲಿಲ್ಲ. ಅವರಾಗಿ ಕೊಡಲೂ ಇಲ್ಲ, ನಾನಾಗಿ ಕೇಳಲೂ ಇಲ್ಲ.

ಅವರ ಕೆಲಸಕ್ಕೊಂದು ಶಿಸ್ತಿತ್ತು. ಬೇಸಿಗೆ ಬಂತೆಂದರೆ ಟೈರಿನ ಗಾಳಿಯನ್ನು ನಸುಕಿನಲ್ಲೇ ನೋಡಬೇಕು, ಗಾಲಿ ಒಂದು ಸುತ್ತೂ ಉರುಳಿರಬಾರದು. ಕಿಸೆಯಿಂದ ಹಿತ್ತಾಳೆಯ ಗೇಜು ತೆಗೆದು ನಾಲ್ಕೂ ಗಾಲಿಗೆ ಹಿಡಿಯುವರು, ಕಡಿಮೆಯಿದ್ದರೆ ಪಂಪು ಹೊಡೆಯುವರು, ಎಲ್ಲ ಸರಿಯಾದ ಮೇಲೆ ಮುಂದಿನ ಎಡಗಾಲಿಯ ಮೇಲಿನ ಮಡ್‌ಗಾರ್ಡಿನ ಮೇಲೆ ಸೀಮೆಸುಣ್ಣದಿಂದ ಗಾಳಿಯ ಪೌಂಡಿನ ಅಂಕಿ ಬರೆಯುವರು. ನನ್ನ ಕಾರಿಗೆ ಇಪ್ಪತ್ತೆಂಟು. ದುಂಡಗೆ, ಸಾಲೆಯ ಹುಡುಗ ಬರೆದಂತೆ. ಆ ಅಂಕಿ ಬೀಳದೆ ಗಾಡಿ ಹೊರಡಿಸಿದರೆ ಅವರಿಗೆ ಸಿಟ್ಟು.

ನಮ್ಮ ಡ್ರೈವರುಗಳದು ಬೇರೆಯೇ ಶಾಸ್ತ್ರ. ಮಧ್ಯಾಹ್ನ ಸವದತ್ತಿಯಲ್ಲಿ ಗುಡ್ಡದ ದೇವಸ್ಥಾನಕ್ಕೆ ಬಂದವರನ್ನು ಇಳಿಸಿ ಬೇವಿನ ಮರದ ಕೆಳಗೆ ಸೇರುತ್ತಿದ್ದೆವು. ಚಹಾ ಆಗುತ್ತಿದ್ದಂತೆ ಒಬ್ಬೊಬ್ಬರೇ ಗಾಲಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಕಡ್ಡಿಯಿಂದ ವಾಲ್ವ್ ಒತ್ತಿ ಗಾಳಿ ಬಿಡುವುದು. ಬಿಸಿಲಿಗೆ ಟೈರು ಉಬ್ಬುತ್ತದೆ, ಉಬ್ಬಿದರೆ ಒಡೆಯುತ್ತದೆ, ಆದ್ದರಿಂದ ಹತ್ತು ಎಣಿಸುವ ತನಕ ಗಾಳಿ ಬಿಡಬೇಕು. ಹಿರಿಯರು ಮಾಡುತ್ತಿದ್ದರು, ನಾವೂ ಮಾಡುತ್ತಿದ್ದೆವು. ಕಾಕಾ ಇದನ್ನು ಕೇಳಿದಾಗಲೆಲ್ಲ ಹಣೆ ಬಡಿದುಕೊಳ್ಳುತ್ತಿದ್ದರು.

“ಭಟ್ರ, ತಣ್ಣಗಿದ್ದಾಗ ನೋಡಿದ್ದs ಖರೇ ಗಾಳಿ. ಬಿಸಲಾಗ ಹೆಚ್ಚಾಗಿ ಕಂಡಿದ್ದು ಬರೇ ಸೋಗು. ಅದನ್ನ ಬಿಟ್ರಿ ಅಂದ್ರ ಟೈರಿನ ಮೈ ಬಗ್ಗತೈತಿ. ಬಗ್ಗಿದಷ್ಟೂ ಕಾಯತೈತಿ, ಕಾದಷ್ಟೂ ಒಳಗಿಂದ ಸಾಯತೈತಿ. ಹೊರಗ ನಿಮಗ ಏನೂ ಕಾಣೂದಿಲ್ಲ.”

ತಲೆಯಾಡಿಸಿ ಬರುತ್ತಿದ್ದೆ. ಸವದತ್ತಿಯಲ್ಲಿ ಮತ್ತೆ ಕಡ್ಡಿ ಹಿಡಿಯುತ್ತಿದ್ದೆ.

ಆ ವರ್ಷ ಟೈರಿನ ಅಭಾವ. ಹೊಸದು ಸಿಗುವುದೆಂದರೆ ವರ ಸಿಕ್ಕಂತೆ. ನನ್ನ ಕಾರಿನ ಮುಂದಿನ ಎಡಗಾಲಿಯ ಟೈರು ಸವೆದು ನೂಲು ಕಾಣುತ್ತಿತ್ತು. ಕಾಕಾ ಎಲ್ಲೆಲ್ಲೋ ಹುಡುಕಿ, ಸ್ವಲ್ಪವೇ ಓಡಿದ ಒಂದು ಗಟ್ಟಿ ಟೈರು ತಂದರು. ಒಳಗೆ ಹೊರಗೆ ಇಂಚಿಂಚು ಸವರಿ ನೋಡಿ ಹಾಕಿಕೊಟ್ಟರು. “ಈ ಬ್ಯಾಸಗಿ ಇದು ತಾಳತೈತಿ, ನಂದು ಗ್ಯಾರಂಟಿ. ಗಾಳಿಗೊಂದು ಕೈ ಹಚ್ಚಬ್ಯಾಡ್ರಿ,” ಎಂದರು.

ಏಳು ದಿನ ಕೈ ಹಚ್ಚಲಿಲ್ಲ.

ಎಂಟನೆಯ ದಿನ ದೊಡವಾಡದಿಂದ ಬಾಡಿಗೆ ಬಂತು. ಅಲ್ಲಿಯ ಸಾಲೆಯಲ್ಲಿ ಕಲಿಸುವ ಅಕ್ಕೋರು ಮತ್ತು ಅವರ ಅಣ್ಣ. ಮಕ್ಕಳು ಕರೆದಂತೆ ನಾನೂ ಆಕೆಯನ್ನು ಅಕ್ಕೋರು ಎಂದೇ ಕರೆದೆ. ರಾಮದುರ್ಗದ ಆಚೆ ಸಾಲಹಳ್ಳಿಯಲ್ಲಿ ಅವರ ತಂಗಿಯ ಕೂಸಿಗೆ ಅಂದು ತೊಟ್ಟಿಲು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ಅವರು ಮುಂದೆ, ನನ್ನ ಎಡಕ್ಕೆ ಕೂತರು. ಮಡಿಲಲ್ಲಿ ಕೂಸಿನ ತಲೆಗೆ ಹಾಕಲು ತಾವೇ ಹೊಲಿದ ಕೆಂಪು ಕುಂಚಿಗೆ. ದಾರಿಯುದ್ದಕ್ಕೂ ಅದಕ್ಕೆ ಹೊಳೆಯುವ ಟಿಕಳಿ ಹಚ್ಚುತ್ತಲೇ ಇದ್ದರು.

“ಸಂಜಿ ಒಳಗ ಮುಟ್ಟಸ್ರಿ ಮತ್ತ. ಕುಂಚಿಗಿ ಇಲ್ಲದs ಹೆಸರ ಇಡಬ್ಯಾಡ್ರಿ ಅಂತ ಹೇಳಿ ಕಳಿಸೇನಿ,” ಎಂದರು.

ಜೋರು ಓಡಿಸುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗೆಳೆಯರು ನನ್ನ ಕಾರನ್ನು ಭಟ್ಟರ ವಿಮಾನ ಎನ್ನುತ್ತಿದ್ದರು, ಅದು ನನಗೆ ಇಷ್ಟವಾಗುತ್ತಿತ್ತು. ಸವದತ್ತಿಯಲ್ಲಿ ಅಣ್ಣ ತಂಗಿ ಚಹಾಕ್ಕೆ ಇಳಿದಾಗ ಗಾಲಿ ಮುಟ್ಟಿ ನೋಡಿದೆ. ಕೈ ಸುಟ್ಟಿತು, ಟೈರು ಕಲ್ಲಿನಂತೆ ಬಿಗಿದಿತ್ತು. ಮರದ ಕೆಳಗಿದ್ದವರು, “ಹಿಂಗs ಹೊಂಟಿ ಅಂದ್ರ ಅದು ಬಾಂಬ್ ನೋಡಪಾ,” ಎಂದು ಹೇಳಿ ತಮ್ಮ ಗಾಡಿ ಹತ್ತಿ ಹೊರಟುಹೋದರು. ಮಡ್‌ಗಾರ್ಡಿನ ಮೇಲೆ ಇಪ್ಪತ್ತೆಂಟು ಇನ್ನೂ ಬೆಳ್ಳಗಿತ್ತು. ನನಗೆ ಹೆದರಿಕೆಯಾಯಿತು. ಅಕ್ಕೋರು ಕೂತ ಕಡೆಯ ಗಾಲಿ ಅದು, ಜೋಪಾನವಿರಲಿ ಎಂದುಕೊಂಡು ಕೂತು ಕಡ್ಡಿ ಒತ್ತಿದೆ. ಹತ್ತು ಎಣಿಸುವವನು ಅಂದು ಇಪ್ಪತ್ತು ಎಣಿಸಿದೆ.

ದೂರದಲ್ಲಿ ತೊರಗಲ್ಲಿನ ಕೋಟೆ ಕಾಣತೊಡಗಿತ್ತು. ಕಾರು ಎಡಕ್ಕೆ ಎಳೆಯುತ್ತಿದೆ ಎನ್ನಿಸಿತು. ರಸ್ತೆಯೇ ಓರೆಯಿದೆ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿದು ಓಡಿಸಿದೆ. ಆಮೇಲೆ ಆ ಸದ್ದು... ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಿತು. ಕಾರು ಮೋರಿಯ ಕಟ್ಟೆಗೆ ಬಡಿದು, ಉರುಳಿ, ಜಾಲಿಯ ಗಿಡಕ್ಕೆ ಒರಗಿ ನಿಂತಿತು. ನನ್ನ ತೋಳು ಮುರಿದಿತ್ತು. ಹಿಂದೆ ಕೂತ ಅಣ್ಣ ತೆವಳಿ ಹೊರಗೆ ಬಂದ. ಅಕ್ಕೋರು ಬರಲಿಲ್ಲ. ಕುಂಚಿಗೆ ಮಾತ್ರ ಮಡಿಕೆ ಕೆಡದೆ ಸೀಟಿನ ಕೆಳಗೆ ಬಿದ್ದಿತ್ತು. ಅದನ್ನು ಅವರ ಅಣ್ಣ ಎತ್ತಿಕೊಂಡದ್ದನ್ನು ನಾನು ನೋಡಿದೆ.

ಪೊಲೀಸ್ ಠಾಣೆಯ ಫೌಜದಾರರು ಕೇಳಿದ್ದಕ್ಕೆ, “ಟೈರ್ ಒಡೀತ್ರಿ. ಎಂಟ ದಿನದ ಹಿಂದ ಹಾಕಿಸಿದ್ನಿ,” ಎಂದೆ. ಎರಡೂ ನಿಜ. ಮೂರನೆಯದನ್ನು ಯಾರೂ ಕೇಳಲಿಲ್ಲ. ಭಟ್ಟರ ಹುಡುಗ ಸುಳ್ಳು ಹೇಳುವವನಲ್ಲ ಎಂದು ಎಲ್ಲರೂ ನಂಬಿದ್ದರು. ಟೈರ್ ಹಾಕಿದವರ ಬಗ್ಗೆ ಅಂಥ ನಂಬಿಕೆ ಯಾರಿಗೂ ಇರಲಿಲ್ಲ. ಹಾಕಿದ್ದು ಯಾರು ಎಂದು ಗೊತ್ತಾದೊಡನೆ ಊರಿಗೆ ಉಳಿದದ್ದೆಲ್ಲ ತಾನಾಗಿಯೇ ಗೊತ್ತಾಗಿಹೋಯಿತು.

ಮೂರನೆಯ ದಿನ ಕಾರನ್ನು ಎಳೆದು ತಂದು ಠಾಣೆಯ ಅಂಗಳದಲ್ಲಿ ನಿಲ್ಲಿಸಿದ್ದರು. ಕಾರಿನ ಮಾಲಕ ಸಾಹುಕಾರರು, ಒಬ್ಬ ಪೊಲೀಸ, ಅಕ್ಕೋರ ಅಣ್ಣ, ಕೈಯನ್ನು ಕೊರಳಿಗೆ ಕಟ್ಟಿಕೊಂಡ ನಾನು. ಕಾಕಾ ಬಂದು, ಟೈರ್ ನೋಡುತ್ತೇನೆ ಎಂದರು. ಹರಿದು ಜೋತುಬಿದ್ದ ಟೈರಿನೊಳಗೆ ಕೈ ಹಾಕಿ ನಿಧಾನವಾಗಿ ಪೂರ್ತಿ ಒಂದು ಸುತ್ತು ಸವರಿದರು. ಬೆರಳುಗಳು ಕಪ್ಪಾಗಿ ಹೊರಬಂದವು. ಟೈರೇ ಕೆಟ್ಟದ್ದಿದ್ದರೆ ಒಂದು ಕಡೆ ಸೀಳುತ್ತಿತ್ತು. ಹೀಗೆ ಸುತ್ತಲೂ ಒಳಮೈ ಅರೆದು ಪುಡಿಯಾಗಬೇಕಾದರೆ ಸಾಕಷ್ಟು ಗಾಳಿಯಿಲ್ಲದೆ ಓಡಿರಬೇಕು. ಅವರು ಕಲಿಸಿದ ಪಾಠವೇ ಅದು. ನನಗೂ ಗೊತ್ತಿತ್ತು.

ಅವರು ಆ ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಬೆಂದ ರಬ್ಬರಿನ ವಾಸನೆ ನನ್ನ ಮೂಗಿಗೆ ಬಡಿಯುವಷ್ಟು ಹತ್ತಿರ.

“ಭಟ್ರ, ಗಾಳಿ ಬಿಟ್ಟಿದ್ರೇನ್ರಿ?”

“ಇಲ್ಲ,” ಎಂದೆ.

ಅವರು ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರೋ... ನನಗಂತೂ ಇನ್ನೂ ನೋಡುತ್ತಲೇ ಇದ್ದಾರೆ ಎನ್ನಿಸುತ್ತದೆ. ಆಮೇಲೆ ಸಾಹುಕಾರರ ಕಡೆ ತಿರುಗಿದರು.

“ಹಂಗಾದ್ರ ನನ್ನ ಕೈನs ತಪ್ಪಿರಬೇಕ್ರಿ.”

ಅವರು ಬೆರಳು ತೋರಿಸಿ ವಾದ ಮಾಡಬಹುದಿತ್ತು. ಮಾಡಿದ್ದರೆ ಯಾರು ಕೇಳುತ್ತಿದ್ದರು ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಅದಕ್ಕೇ ಸುಮ್ಮನಾದರೋ, ಇಪ್ಪತ್ತೈದರ ಹುಡುಗ ಜೈಲು ಸೇರುವುದು ಬೇಡವೆಂದು ಸುಮ್ಮನಾದರೋ, ನನಗೆ ಇಂದಿಗೂ ತಿಳಿಯದು. ಅಕ್ಕೋರ ಅಣ್ಣ ಅವರ ಮುಖಕ್ಕೇ ಉಗುಳಿದ. ನಾನು ಕೊರಳಿಗೆ ಕಟ್ಟಿದ ಕೈಯನ್ನು ನೋಡಿಕೊಳ್ಳುತ್ತ ನಿಂತಿದ್ದೆ.

ಕೇಸು ಆಕಸ್ಮಿಕವೆಂದು ಮುಗಿಯಿತು. ಅಂಗಡಿಯೂ ಮುಗಿಯಿತು. ಸತ್ತ ಟೈರು ಮಾರಿ ಹೆಣ್ಣುಮಗಳನ್ನು ಕೊಂದವನು ಎಂದು ಡ್ರೈವರುಗಳು ಅತ್ತ ಹಾಯುವುದನ್ನೇ ಬಿಟ್ಟರು. ದಸರೆಯ ಹೊತ್ತಿಗೆ ತಗಡಿನ ಬಾಗಿಲಿಗೆ ಕೀಲಿ ಬಿದ್ದಿತ್ತು. ಕಾಕಾ ಕಟ್ಟಡದ ಕೆಲಸದಲ್ಲಿ ಕಲ್ಲು ಹೊರುತ್ತಾರೆ ಎಂದು ಯಾರೋ ಹೇಳಿದರು. ಸವದತ್ತಿಯ ಬೇವಿನ ಮರದ ಕೆಳಗೆ ಗಾಳಿ ಬಿಡುವ ಶಾಸ್ತ್ರ ಮಾತ್ರ ಮುಂಚಿಗಿಂತ ಜೋರಾಗಿ ನಡೆಯಿತು. ಭಟ್ಟರು ಗಾಳಿ ಬಿಡದೆ ಹೋದದ್ದಕ್ಕೇ ಹಾಗಾಯಿತಂತೆ! ನನ್ನ ಸುಳ್ಳು ಅವರಿಗೆಲ್ಲ ಪಾಠವಾಗಿತ್ತು. ನಾನು ಒಂದು ಮಾತು ಹೇಳಿದ್ದರೆ ಆ ಪದ್ಧತಿ ಅಂದೇ ನಿಲ್ಲುತ್ತಿತ್ತು. ಹೇಳಲಿಲ್ಲ.

ತೋಳು ಕೂಡಿಕೊಂಡ ಮೇಲೆ ಸಾಹುಕಾರರು ಮತ್ತೆ ನನಗೇ ಕಾರು ಕೊಟ್ಟರು. ಚಳಿಗಾಲ ಹೇಗೋ ಕಳೆಯಿತು. ಬೇಸಿಗೆ ಶುರುವಾದ ಒಂದು ಮುಂಜಾನೆ, ಸಾಹುಕಾರರ ಗೋಡೆಗೆ ನಿಲ್ಲಿಸಿದ್ದ ಕಾರಿನ ಹತ್ತಿರ ಹೋದರೆ ಮಡ್‌ಗಾರ್ಡಿನ ಮೇಲೆ ದುಂಡನೆಯ ಇಪ್ಪತ್ತೆಂಟು. ನಾಲ್ಕೂ ಗಾಲಿ ಒತ್ತಿ ನೋಡಿದೆ, ಗಾಳಿ ಸರಿಯಾಗಿತ್ತು. ಹಿಂದಿನ ಸಂಜೆ ಒಂದು ಗಾಲಿಗೆ ಕಡಿಮೆಯಿದ್ದದ್ದು ನನಗೆ ನೆನಪಿತ್ತು. ನಾನು ಬರುವ ಮೊದಲೇ ಅವರು ಬಂದು, ಪಂಪು ಹೊಡೆದು, ಬರೆದು ಹೋಗಿದ್ದರು.

ಮರುದಿನವೂ ಇತ್ತು. ಅದರ ಮರುದಿನವೂ. ಆ ಬೇಸಿಗೆಯಿಡೀ ಒಂದು ಮುಂಜಾನೆಯೂ ತಪ್ಪಲಿಲ್ಲ. ನನ್ನ ಮೇಲಿನ ಪ್ರೀತಿಗೆ ಅವರು ಬರುತ್ತಿದ್ದರು ಎಂದು ಹೇಳಿಕೊಳ್ಳುವಷ್ಟು ನಾಚಿಕೆಗೆಟ್ಟವನಲ್ಲ ನಾನು. ನನ್ನ ಎಡಕ್ಕೆ ಮುಂದೆ ಯಾರು ಕೂರುತ್ತಾರೋ ಅವರಿಗಾಗಿ ಬರುತ್ತಿದ್ದರು. ನಾನು ಒಂದು ದಿನ ಬೇಗನೆ ಎದ್ದು ಅವರಿಗಾಗಿ ಕಾಯಬಹುದಿತ್ತು. ಕಾಯಲಿಲ್ಲ. ನಾನು ಮಾಡುತ್ತಿದ್ದುದು ಬೇರೆ: ಯಾರಾದರೂ ನೋಡುವ ಮೊದಲೇ ಆ ಅಂಕಿಯನ್ನು ಅಂಗಿಯ ತೋಳಿನಿಂದ ಒರೆಸಿಬಿಡುತ್ತಿದ್ದೆ. ನನ್ನ ಬಲದೋಳು ದಿನವೂ ಬೆಳ್ಳಗಾಗಿರುತ್ತಿತ್ತು. ಗಾಳಿಗೆ ಮಾತ್ರ ಮತ್ತೆಂದೂ ಕೈ ಹಚ್ಚಲಿಲ್ಲ.

ಮಳೆ ಶುರುವಾಗುವ ಮೊದಲು ಒಂದು ಮುಂಜಾನೆ ಅಂಕಿ ಇರಲಿಲ್ಲ. ಮರುದಿನವೂ ಇರಲಿಲ್ಲ. ಮೂರನೆಯ ದಿನ ಅವರ ಓಣಿಗೆ ಹೋದೆ, ಅದೇ ಮೊದಲ ಸಲ. ಮನೆಯ ಮುಂದೆ ಜನ ಕೂತಿದ್ದರು. ಎದೆ ನೋವೆಂದು ಮಲಗಿದವರು ಏಳಲಿಲ್ಲವಂತೆ. ಅವರ ಹೆಂಡತಿ ನನ್ನ ಗುರುತು ಹಿಡಿದರು, ಆದರೂ ಒಂದು ಕಟು ಮಾತು ಆಡಲಿಲ್ಲ.

“ಅಂಗಡಿ ಮುಚ್ಚಿದ ಮ್ಯಾಲೂ ದಿನಾ ನಸಿಕನ್ಯಾಗ ಪಂಪ್ ಹೊತಗೊಂಡ ಎಲ್ಲಿಗೋ ಹೋಗತಿದ್ರರಿ. ಎಲ್ಲಿಗಿ ಅಂದ್ರ ಹೇಳತಿದ್ದಿಲ್ಲ. ನಿಮಗೇನರ ಗೊತ್ತೈತೇನ್ರಿ?” ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಅದು ನನ್ನ ಎರಡನೆಯ ಸುಳ್ಳು. ಅವರು ಕುಡಿಯಲು ನೀರು ತಂದರು. ಅಂದು ಕುಡಿದೆ. ಅದರಿಂದ ಯಾರಿಗೆ ಏನಾಗಬೇಕಿತ್ತು!

ಆಮೇಲೆ ನಲವತ್ತು ವರ್ಷ ಕಾರು ಓಡಿಸಿದೆ. ಒಂದೂ ಅಪಘಾತವಿಲ್ಲದ ಡ್ರೈವರ್ ಎಂದು ಊರಲ್ಲಿ ಹೆಸರಾಯಿತು. ತೊರಗಲ್ಲಿನದನ್ನು ಯಾರೂ ನನ್ನ ಲೆಕ್ಕಕ್ಕೆ ಹಾಕಲಿಲ್ಲ, ಅದು ಕಾಕಾ ಅವರ ಲೆಕ್ಕದಲ್ಲೇ ಉಳಿಯಿತು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೆಂಡತಿಯ ಮುಂದೆ, ಗೆಳೆಯರ ಮುಂದೆ... ಒಮ್ಮೆ ದೊಡವಾಡದ ಬಸ್ಸು ಹತ್ತಿ ಅಕ್ಕೋರ ಅಣ್ಣನ ಮನೆಯ ತನಕ ಹೋಗಿ ಬಾಗಿಲು ಬಡಿಯದೆ ಬಂದಿದ್ದೇನೆ. ಈಗ ಆತನೂ ಇಲ್ಲ.

ಟೈರ್ ಅಂಗಡಿಯಲ್ಲಿ ನಾನು ಕಪ್ಪು ಬೆರಳುಗಳನ್ನು ಹಿಡಿದುಕೊಂಡೇ ಮಗಳ ಹತ್ತಿರ ಹೋದೆ. ನನ್ನ ದನಿ ನನಗೇ ಬೇರೆಯವರದೆಂಬಂತೆ ಕೇಳಿಸಿತು.

“ಗಾಳಿ ಬಿಟ್ಟಿದ್ಯೇನವ್ವಾ?”

ಅವಳು ಫೋನಿನಿಂದ ತಲೆಯೆತ್ತಿದಳು. “ಹೂಂ ಅಪ್ಪಾ, ಬಿಟ್ಟಿದ್ನಿ. ಬಿಸಲ ಭಾಳ ಐತಿ, ಸ್ವಲ್ಪ ಕಮ್ಮಿ ಇಟ್ಟರ ಚಲೋ ಅಂತ ದವಾಖಾನ್ಯಾಗ ಯಾರೋ ಅಂದ್ರು. ಬಿಡಬಾರದಿತ್ತೇನು?”

ಅಷ್ಟೇ. ಹೂಂ, ಬಿಟ್ಟಿದ್ನಿ. ಉಸಿರಿನಷ್ಟು ಸಣ್ಣ ಮಾತು. ನಾನು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಅಂಗಡಿಯವನು ಕೈ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟ. ಒರೆಸಿಕೊಳ್ಳಲಿಲ್ಲ. ಮಗಳು ಗಾಬರಿಯಿಂದ ಪಕ್ಕದಲ್ಲಿ ಕೂತು, ಏನಾಯಿತಪ್ಪಾ ಎಂದು ಕೇಳುತ್ತಿದ್ದಳು. ನಾನು ಅವಳಿಗೆ ಮೊದಲು ಕಾಕಾ ಅವರ ಹೆಸರು ಹೇಳಬೇಕೆಂದುಕೊಂಡೆ. ಆ ಹೆಸರನ್ನು ನಾನು ಒಂದು ದಿನವೂ ಕೇಳಿ ತಿಳಿದುಕೊಂಡಿರಲಿಲ್ಲ.