ಮಳೆಗಾಲಕ್ಕೆ ಮುಂಚಿನ ಕೊನೆಯ ಯಾಟ್

ಆಗೆಲ್ಲ ದೆಹಲಿಯ ಸರೋಜಿನಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೇಸಿಗೆ ಬಂತೆಂದರೆ ಕೂಲರಿನ ಒದ್ದೆ ಹುಲ್ಲಿನ ವಾಸನೆ, ಜಗುಲಿಯಲ್ಲಿ ಕುಂಟೆಬಿಲ್ಲೆ, ಮಧ್ಯಾಹ್ನಕ್ಕೆ ಸುಟ್ಟ ಮಾವಿನಕಾಯಿಯ ಪಾನಕ, ಪನ್ನಾ. ಉಳಿದ ಮಕ್ಕಳಿಗೆ ಅಷ್ಟೇ. ನನಗೆ ಮಾರ್ಕೆಟ್ಟಿನ ಕೆಲಸವೂ ಇತ್ತು. ಹನ್ನೊಂದು ವರ್ಷಕ್ಕೇ ನಮ್ಮ ಬ್ಲಾಕಿನ ಕನ್ನಡದ ಹೆಂಗಸರಿಗೆಲ್ಲ ನಾನೇ ಬಟ್ಟೆ ಚೌಕಾಸಿ ಮಾಡಿಕೊಡುತ್ತಿದ್ದೆ. ಗುಟ್ಟು ಸರಳ, ಬೇಕಾದರೆ ನೀವೂ ಕಲಿಯಿರಿ. ಬೋಣಿಯ ಹೊತ್ತಿಗೇ ಹೋಗಿ. ಹೊಲಿಗೆ ಎಳೆದು ನೋಡಿ. ಇಷ್ಟವಾದದ್ದು ಮುಖದಲ್ಲಿ ಕಾಣಬಾರದು. ನಿಮ್ಮ ಬೆಲೆ ಹೇಳಿ, ಬೆನ್ನು ತಿರುಗಿಸಿ ನಡೆಯಿರಿ. ಹಿಂದೆ ನೋಡಿದಿರೋ ಕೆಟ್ಟಿರಿ. ಹತ್ತು ಹೆಜ್ಜೆಯೊಳಗೆ "ಅಚ್ಛಾ, ಲೇ ಜಾವೋ ಬಿಟಿಯಾ" ಎಂದು ಅಂಗಡಿಯವ ನಿಮ್ಮ ಬೆಲೆಗೇ ಒಪ್ಪಿ ಕೂಗಿಯೇ ಕೂಗುತ್ತಾನೆ.

ಆ ವರ್ಷ ಚಳಿಗಾಲದಲ್ಲಿ ಅಮ್ಮನಿಗೆ ಹೊಟ್ಟೆಯ ಆಪರೇಷನ್ ಆಯಿತು. ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಏನೋ ಹೇಳಿದರು. ಅಂದಿನಿಂದ ಅಪ್ಪ ಅಮ್ಮನಿಗೆ ಯಾವುದಕ್ಕೂ ಇಲ್ಲ ಎನ್ನಲಿಲ್ಲ. ಅವಳು ಕೇಳಿದ್ದು ಒಂದೇ. ಅವಳ ತವರೂರು ಕಾರವಾರದಿಂದ ದಕ್ಷಿಣಕ್ಕೆ, ಕಡಲ ದಂಡೆಯಲ್ಲಿತ್ತು. ನೌಕಾನೆಲೆಗೆಂದು ಊರನ್ನೇ ಎಬ್ಬಿಸಿದ್ದರಿಂದ ಜನ ದಿಕ್ಕಿಗೊಬ್ಬರಾಗಿದ್ದರು. ರಸ್ತೆಯಿಂದ ಒಳಗೆ ಬಿಡುವುದಿಲ್ಲ. ಕಡಲಿನಿಂದಾದರೆ ದೂರದಲ್ಲಿ ಕಾಣುತ್ತದಂತೆ. ಮದುವೆ ಅಂಕೋಲಾದಲ್ಲಿ ಆಗಿದ್ದರಿಂದ ಅಪ್ಪನೂ ಆ ಊರು ನೋಡಿರಲಿಲ್ಲ.

"ನಮ್ಮ ಮನೆ ಎಲ್ಲಿತ್ತು ಅಂತ ನಿಮಗೆ ಒಂದ್ಸಲ ತೋರಿಸಿಬಿಡ್ತೇನೆ" ಎಂದಳು ಅಮ್ಮ.

ಅಪ್ಪ ಆಫೀಸಿನಲ್ಲಿ ಎಲ್‌ಟಿಸಿ ಪ್ರವಾಸಕ್ಕೆ ರಜೆ ಬರೆದುಕೊಟ್ಟರು. ಮೇ ಕೊನೆಗೆ ನಾವು ಮೂವರೂ ಕಾರವಾರದ ಜೆಟ್ಟಿಯಲ್ಲಿದ್ದೆವು.

ಮೀನಿನ ದೋಣಿಯ ಕುಲುಕಾಟ ಅಮ್ಮನ ಹೊಟ್ಟೆಯ ಹೊಲಿಗೆಗೆ ಆಗದು. ಅಲ್ಲೊಂದು ಸಣ್ಣ ಐಷಾರಾಮಿ ಯಾಟ್ ನಿಂತಿತ್ತು. ಹಾಲುಬಿಳಿ ಮೈ, ಒಳಗೆ ಪರದೆ ಕಟ್ಟಿದ ಕೋಣೆ, ಮೆತ್ತನೆಯ ಹಾಸಿಗೆ. ಮಳೆಗಾಲಕ್ಕೆ ಮುಂಚಿನ ಅದರ ಕೊನೆಯ ಪ್ರಯಾಣ. ಮಲ್ಪೆಗೆ ಒಯ್ದು ದಡಕ್ಕೆ ಎಳೆದಿಡುತ್ತಾರೆ; ನಮ್ಮನ್ನು ದಾರಿಯಲ್ಲಿ ತದಡಿಯಲ್ಲಿ ಇಳಿಸಬಹುದು. ಸುತ್ತ ಡೀಸೆಲ್ಲು, ಒಣಮೀನಿನ ನಾತ. ಅಮ್ಮ ಮಾತ್ರ ಅದನ್ನು ಎಳೆದೆಳೆದು ಉಸಿರಾಡುತ್ತಿದ್ದಳು.

ಮಾಲೀಕ ಬೆಲೆ ಹೇಳಿದ. ಅಪ್ಪ ಜೇಬಿಗೆ ಕೈ ಹಾಕಿದರು. ನಾನು ಅವರ ಮೊಣಕೈ ಹಿಡಿದೆ.

"ಅಪ್ಪಾ, ರುಕೋ. ಹೇಗೂ ಖಾಲಿ ಹೋಗ್ಬೇಕಲ್ಲ ಇವ್ರು. ಅರ್ಧಕ್ಕೆ ಬರ್ತಾರೆ."

ಮಾಲೀಕ ನಕ್ಕ. "ಏನಮ್ಮಾ, ಬಂಗಡೆ ವ್ಯಾಪಾರ ಅಂದ್ಕೊಂಡ್ಯಾ?"

"ಬಂಗಡೆನಾದ್ರೂ ಉಪ್ಪು ಹಾಕಿಡಬಹುದು ಅಂಕಲ್. ಖಾಲಿ ಸೀಟು ಏನು ಮಾಡ್ತೀರಿ?"

ಅಪ್ಪನಿಗೂ ನಗು ಬಂತು. ಅದನ್ನೇ ಅಪ್ಪಣೆ ಎಂದುಕೊಂಡೆ.

"ಕೂಸೇ, ಸಾಕು. ಕೊಟ್ಟು ಹತ್ತುವಾ" ಎಂದಳು ಅಮ್ಮ.

"ಅಯ್ಯೋ ಅಮ್ಮಾ, ಮುಖದಲ್ಲಿ ತೋರಿಸ್ಬೇಡ! ಚಲೋ. ಹಿಂದೆ ನೋಡಂಗಿಲ್ಲ" ಎಂದು ಅವಳ ಕೈ ಹಿಡಿದು ನಡೆದೆ. ಅಪ್ಪ ಚೀಲ ಹೊತ್ತು ಹಿಂಬಾಲಿಸಿದರು.

ಅಮ್ಮ ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು ನಡೆದಳು. ಹತ್ತು ಹೆಜ್ಜೆಯಾಯಿತು. ಇಪ್ಪತ್ತಾಯಿತು. "ಇನ್ನೇನು ಕರೀತಾರೆ" ಅಂದೆ. ಎದುರಿನಿಂದ ಹೊಸದಾಗಿ ಮದುವೆಯಾದ ಜೋಡಿಯೊಂದು ಸೂಟ್‌ಕೇಸ್ ಎಳೆಯುತ್ತ ನಮ್ಮನ್ನು ದಾಟಿ ಜೆಟ್ಟಿಯ ಕಡೆಗೆ ಹೋಯಿತು. ನಾನು ಅದನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ. ಕಬ್ಬಿಣದ ಗೇಟಿನ ಹತ್ತಿರ ಬಂದಾಗ ಎಂಜಿನ್ ಸದ್ದು ಕೇಳಿತು. ಮೊದಲು ತಿರುಗಿ ನೋಡಿದವಳು ಅಮ್ಮ.

ಅಪ್ಪ ಚೀಲ ಬಿಸಾಡಿ ಓಡಿದರು. ಕೇಳಿದಷ್ಟು ಕೊಡ್ತೀನಿ ಎಂದು ಕನ್ನಡದಲ್ಲಿ, ಹಿಂದಿಯಲ್ಲಿ ಕೂಗಿದರು. ಜೀವನದಲ್ಲಿ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಇನ್ನೊಮ್ಮೆ ಕೇಳಿಲ್ಲ. ಆ ಜೋಡಿಯನ್ನು ಹತ್ತಿಸಿಕೊಂಡಿದ್ದ ಯಾಟ್ ಬಂದರಿನ ತಿರುವು ದಾಟಿತು. ಮಳೆ ಮುಗಿಯುವವರೆಗೆ ಅಂಥದ್ದು ಇನ್ನೊಂದಿಲ್ಲ ಎಂದರು ಜೆಟ್ಟಿಯವರು. ಮರುದಿನವೇ ನಮ್ಮ ರೈಲು.

ನನ್ನನ್ನು ಯಾರೂ ಬೈಯಲಿಲ್ಲ. ರೈಲಿನಲ್ಲಿ ಅಮ್ಮ ನನ್ನ ಜಡೆ ಹೆಣೆಯುತ್ತ, "ಬರೋ ವರ್ಷ ಬರುವಾ. ಆಗಲೂ ನೀನೇ ಮಾತಾಡು" ಎಂದಳು. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದರು. ದೀಪಾವಳಿಗೆ ಮುಂಚೆ, ದೆಹಲಿಯಲ್ಲೇ, ಅಮ್ಮ ತೀರಿಕೊಂಡಳು.

ಈಗ ನನಗೆ ದೆಹಲಿಯ ರೋಹಿಣಿಯಲ್ಲಿ ಎರಡು ಬಟ್ಟೆ ಅಂಗಡಿಗಳಿವೆ. ಚೌಕಾಸಿಯಿಂದಲೇ ಮೇಲೆ ಬಂದವಳು, ಅದನ್ನು ಹಳಿಯಲಾರೆ. ನನ್ನ ಮಗಳಿಗೂ ಕಲಿಸಿದ್ದೇನೆ. ಆದರೆ ಕಾಯಿಲೆಯವರು ಬಾಯಿಬಿಟ್ಟು ಏನಾದರೂ ಕೇಳಿದರೆ ಹೇಳಿದ ಬೆಲೆಗೇ ಕೊಂಡುಬಿಡಿ. ನಿಮ್ಮ ಜಾಣತನವನ್ನೆಲ್ಲ ಬೇರೆ ಕಡೆ ತೋರಿಸಿ.

ಕಳೆದ ಡಿಸೆಂಬರಿನಲ್ಲಿ ಅಪ್ಪನನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿ ಅಂಥದೇ ಯಾಟ್ ಹತ್ತಿದೆ. ದೂರದಲ್ಲಿ ಉದ್ದಕ್ಕೂ ಹಸಿರು, ನಡುನಡುವೆ ತುಂಡು ಮರಳು. ಚಾಲಕ ವೇಗ ತಗ್ಗಿಸಿದ.

"ಇದೇ ಮೇಡಂ, ನಿಮ್ಮಮ್ಮನ ಊರಿದ್ದ ಜಾಗ. ಮನೆ ಎಲ್ಲಿತ್ತು, ಗುಡ್ಡದ ಈಚೆಗಾ, ಆಚೆಗಾ?"

ನಾನು ಅಪ್ಪನ ಮುಖ ನೋಡಿದೆ. ಅಪ್ಪ ನನ್ನ ಮುಖ ನೋಡಿದರು.